ಎ ಸೈಡಿನಲ್ಲಿ ರತ್ನ, ಬಿ ಸೈಡಿನಲ್ಲಿ ನಂಜಿ

ಕ್ಯಾಸೆಟ್ಟಿನ ಬೆನ್ನಿನ ಮೇಲೆ ಎರಡು ತುದಿಗೆ ಎರಡು ಸಣ್ಣ ಗುಳಿಗಳಿರುತ್ತವೆ. ಖಾಲಿ ಕ್ಯಾಸೆಟ್ ಆದರೆ ಆ ಗುಳಿಗೆ ಪ್ಲಾಸ್ಟಿಕ್ಕಿನ ಮುಚ್ಚಳ ಇರುತ್ತದೆ. ಅಂಗಡಿಯಲ್ಲಿ ಕೊಂಡ ಹಾಡಿನ ಕ್ಯಾಸೆಟ್ ಆದರೆ ಗುಳಿ ತೆರೆದಿರುತ್ತದೆ. ಗುಳಿ ತೆರೆದಿದ್ದರೆ ಟೇಪ್ ರೆಕಾರ್ಡರಿನ ಕೆಂಪು ಗುಂಡಿ ಎಷ್ಟು ಒತ್ತಿದರೂ ಕೆಳಗೆ ಹೋಗುವುದಿಲ್ಲ. ಇದಕ್ಕೊಂದು ಉಪಾಯ ಆಗಿನವರಿಗೆಲ್ಲ ಗೊತ್ತಿತ್ತು. ಗುಳಿಗೆ ಕಾಗದದ ಉಂಡೆ ತುರುಕಿದರೆ ಸಾಕು, ಇದ್ದ ಹಾಡು ಅಳಿಸಿ ತಮಗೆ ಬೇಕಾದ್ದನ್ನು ತುಂಬಬಹುದಿತ್ತು.

ಕಳೆದ ಮಳೆಗಾಲ ಮುಗಿದ ಮೇಲೆ ಮೇಗರವಳ್ಳಿಯಲ್ಲಿ ನಮ್ಮ ತಂಡದವರೊಬ್ಬರ ಅಜ್ಜಿಮನೆಯ ಅಟ್ಟ ಖಾಲಿ ಮಾಡಲು ಹೋಗಿದ್ದೆವು. ಹಳೇ ಬಿಸ್ಕತ್ತಿನ ಡಬ್ಬದಲ್ಲಿ ಇಪ್ಪತ್ಮೂರು ಕ್ಯಾಸೆಟ್ ಸಿಕ್ಕವು. ಭಕ್ತಿಗೀತೆ, ರಾಜ್‌ಕುಮಾರ್ ಚಿತ್ರಗೀತೆ, ಎರಡು ಯಕ್ಷಗಾನ. ಎಲ್ಲದಕ್ಕೂ ಬಿಳಿ ಬೂಸ್ಟು ಹಿಡಿದಿತ್ತು. ಅದರಲ್ಲಿ ಒಂದು ಮೈಸೂರು ಅನಂತಸ್ವಾಮಿ ಹಾಡಿದ ರತ್ನನ ಪದಗಳು. ಅದರ ಒಂದು ಗುಳಿಗೆ ಮಾತ್ರ ಕಾಗದ ತುರುಕಿತ್ತು. ಚೀಟಿಯ ಮೇಲೆ ಪೆನ್ಸಿಲ್ಲಿನಲ್ಲಿ ‘ಅಮ್ಮ – 96’ ಎಂದು ಬರೆದಿತ್ತು.

ಡಬ್ಬವನ್ನು ಗುಜರಿ ಚೀಲಕ್ಕೆ ಹಾಕುವವರಿದ್ದೆವು. ಮನೆಯ ಯಜಮಾನಿ ಕೆಳಗಿನಿಂದ ಕೂಗಿದರು: “ಅದೊಂದು ಬಿಸಾಡ್ಬೇಡ್ರೋ ಮಾರಾಯ್ರಾ, ಅತ್ತೆ ಹಾಡಿದ್ದು ಅದ್ರಾಗೆ ಉಂಟು.”

ಆ ಅಜ್ಜಿ ತೀರಿಹೋಗಿ ಆರು ವರ್ಷ ಆಗಿದೆ. ಈ ಬರಹ ಆ ಕ್ಯಾಸೆಟ್ಟಿನ ಎರಡು ಮಗ್ಗುಲಿನ ಕತೆ. ಎ ಸೈಡಿನದ್ದು ಕನ್ನಡ ಹಾಡಿನ ಚರಿತ್ರೆ, ಪುಸ್ತಕದಲ್ಲಿ ಸಿಗುತ್ತದೆ. ಬಿ ಸೈಡಿನದ್ದು ಎಲ್ಲೂ ಸಿಗುವುದಿಲ್ಲ.

ಕುಡಿಯದ ಮೇಷ್ಟ್ರು, ಕುಡುಕ ರತ್ನ

ರತ್ನ ಯಾರು ಅಂತ ನಮ್ಮ ಹಳೇ ತಲೆಗಳಿಗೆ ಹೇಳಬೇಕಾಗಿಲ್ಲ. ಹೊಸಬರಿಗೆ ಒಂದೆರಡು ಮಾತು. ರಾಮನಗರದಲ್ಲಿ ಹುಟ್ಟಿದ ಜಿ.ಪಿ. ರಾಜರತ್ನಂ ಕನ್ನಡ ಮೇಷ್ಟ್ರು. ಬೌದ್ಧ, ಜೈನ ಗ್ರಂಥಗಳನ್ನು ಓದಿ ಕನ್ನಡಕ್ಕೆ ತಂದ ಪಂಡಿತರು. ನಮ್ಮ ಮಕ್ಕಳು ಅಂಗನವಾಡಿಯಲ್ಲಿ ಇವತ್ತಿಗೂ ಹೇಳುವ ನಾಯಿಮರಿಯ ಪದ್ಯ, ಬಣ್ಣದ ತುತ್ತೂರಿಯ ಪದ್ಯ ಅವರದ್ದೇ. 1978ರಲ್ಲಿ ದೆಹಲಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಮರುವರ್ಷ ಮಾರ್ಚಿನಲ್ಲಿ ತೀರಿಕೊಂಡರು.

ಇಂಥ ಮೇಷ್ಟ್ರು 1930ರ ದಶಕದಲ್ಲಿ, ಇನ್ನೂ ಹರೆಯದಲ್ಲಿ, ಒಬ್ಬ ಹೆಂಡಗುಡುಕನನ್ನು ಹುಟ್ಟಿಸಿದರು. ಅವನ ಹೆಸರು ರತ್ನ. ಹೆಂಡತಿ ನಂಜಿ. ಹೆಂಡದಂಗಡಿ, ಹಾದಿಬೀದಿ, ಬೆಳದಿಂಗಳು, ಜೇಬಿನಲ್ಲಿ ಕಾಸಿಲ್ಲ, ಬಾಯಲ್ಲಿ ಪದ. ಕವಿ ತಾನು ಪಕ್ಕಕ್ಕೆ ಸರಿದು ರತ್ನನ ಬಾಯಲ್ಲೇ ಎಲ್ಲ ಹೇಳಿಸಿದರು. ಭಾಷೆಯೂ ರತ್ನನದ್ದೇ. ಹಕಾರ ನುಂಗಿದ, ಅಕ್ಷರ ತಿಂದ, ಬಯಲುಸೀಮೆಯ ರೈತಾಪಿ ಕನ್ನಡ. ಆಗ ಪಂಡಿತರು ಬರೆಯುತ್ತಿದ್ದ ಕನ್ನಡಕ್ಕೂ ಇದಕ್ಕೂ ಅಜಗಜಾಂತರ.

ಈಗ ಒಂದು ಪ್ರಶ್ನೆ. ಕುಡಿಯದ ಮನುಷ್ಯ ಕುಡುಕನ ‘ನಾನು’ ಆಗಿ ಪದ ಕಟ್ಟಿದರೆ ಅದು ಸುಳ್ಳೇ? ನಮ್ಮ ಕಡೆಯವರಿಗೆ ಈ ಗೊಂದಲ ಬರುವುದಿಲ್ಲ. ನಾವು ತಾಳಮದ್ದಳೆ ಕೇಳಿ ಬೆಳೆದವರು. ತಾಳಮದ್ದಳೆಯಲ್ಲಿ ವೇಷ ಇಲ್ಲ, ಕುಣಿತ ಇಲ್ಲ. ಶಾಲು ಹೊದ್ದು ಚಾಪೆಯ ಮೇಲೆ ಕುಳಿತವರು ಸಂಜೆವರೆಗೆ ನಮ್ಮ ಸೊಸೈಟಿಯ ಗುಮಾಸ್ತರು, ಶಾಲೆ ಮೇಷ್ಟ್ರು. ಭಾಗವತರು ಒಂದು ಪದ್ಯ ಎತ್ತಿಕೊಟ್ಟ ಮೇಲೆ ಅವರೇ ಕರ್ಣ, ಅವರೇ ಶಲ್ಯ. ಅಲ್ಲಿರುವ ಸಾಮಾನು ಎಷ್ಟು? ಒಂದು ಶ್ರುತಿ, ಒಂದು ಮದ್ದಳೆ, ಒಂದು ಚಂಡೆ, ಒಂದು ಜೊತೆ ತಾಳ. ಉಳಿದದ್ದು ಮಾತು. ಮಾತು ಕೇಳಿಸಬೇಕು ಅಂತಲೇ ಉಳಿದದ್ದೆಲ್ಲ ಅಷ್ಟಕ್ಕೆ ನಿಂತಿದೆ.

ರತ್ನನ ಪದಗಳ ಹಾಡಿಕೆಯೂ ಇದೇ ದಾರಿಯದು. ಹಿಂದೆ ಸದ್ದು ಕಡಿಮೆ ಇದ್ದಷ್ಟೂ ರತ್ನ ಎದ್ದು ನಿಲ್ಲುತ್ತಾನೆ. ಅವನು ಎಲ್ಲಿ ಬಿಕ್ಕಿದ, ಎಲ್ಲಿ ನಕ್ಕ, ಯಾವ ಅಕ್ಷರ ನುಂಗಿದ ಅನ್ನುವುದು ಕೇಳಿಸಿದರೆ ಮಾತ್ರ ಅವನು ಮನುಷ್ಯ. ಇಪ್ಪತ್ತು ಪಿಟೀಲು ಒಟ್ಟಿಗೆ ಕುಯ್ದರೆ ಅವನು ಸಿನಿಮಾ ಕುಡುಕ ಆಗಿಬಿಡುತ್ತಾನೆ.

ಘಟ್ಟದ ಕೆಳಗಿನಿಂದ ಒಂದು ಕೊರಳು

ಕವಿತೆಯನ್ನು ಕಚೇರಿಯ ಹಾಗೆ ಕೂತು ಹಾಡುವ ರೂಢಿ ಕನ್ನಡದಲ್ಲಿ ತೀರಾ ಹಳೆಯದಲ್ಲ. ಅದನ್ನು ನಾಡಿನ ತುಂಬ ಹಬ್ಬಿಸಿದವರಲ್ಲಿ ಮೊದಲ ಹೆಸರು ಪಿ. ಕಾಳಿಂಗರಾಯರದ್ದು. ಉಡುಪಿ ಜಿಲ್ಲೆಯ ಆರೂರಿನವರು. ಆಗುಂಬೆ ಘಟ್ಟ ಇಳಿದರೆ ಅವರ ಸೀಮೆ. 1914ರಲ್ಲಿ ಹುಟ್ಟಿ 1981ರಲ್ಲಿ ತೀರಿಕೊಂಡರು. ಸೋಹನಕುಮಾರಿ, ಮೋಹನಕುಮಾರಿ ಅವರ ಜೊತೆಗೂಡಿ ಊರೂರಲ್ಲಿ ಹಾಡಿದರು. ಕುವೆಂಪು, ಬೇಂದ್ರೆ, ದಾಸರ ಪದ, ಜನಪದ, ಎಲ್ಲ ಒಂದೇ ವೇದಿಕೆಯಲ್ಲಿ.

ಅವರ ಹಿಂದೆಯೇ ಬಂದವರು ಮೈಸೂರು ಅನಂತಸ್ವಾಮಿ. 1936ರಲ್ಲಿ ಹುಟ್ಟಿದವರು. ರಾಗ ಕೂಡಿಸುವುದೂ ಅವರೇ, ಹಾಡುವುದೂ ಅವರೇ. ಸುಗಮ ಸಂಗೀತದ ವೇದಿಕೆ ಆಗ ಬಹಳ ಸಣ್ಣದು. ಹಾರ್ಮೋನಿಯಂ, ತಬಲ, ಹೆಚ್ಚೆಂದರೆ ಒಂದು ಕೊಳಲೋ ಮ್ಯಾಂಡೊಲಿನ್ನೋ. ಅನಂತಸ್ವಾಮಿ ರತ್ನನನ್ನು ಹಾಡಲು ಕೂತರೆ ದನಿಯಲ್ಲಿ ತೂರಾಟ ಕಾಣುತ್ತಿತ್ತು, ಆದರೆ ಶ್ರುತಿ ಅಲುಗಾಡುತ್ತಿರಲಿಲ್ಲ. ಅವರ ಮಗ ರಾಜು ಅನಂತಸ್ವಾಮಿ ಕೂಡ ಇದೇ ಪದಗಳಿಂದ ಹೆಸರಾದರು. 2009ರಲ್ಲಿ ಸಣ್ಣ ವಯಸ್ಸಿನಲ್ಲೇ ಹೋಗಿಬಿಟ್ಟರು.

1978 ನೆನಪಿಡಬೇಕಾದ ವರ್ಷ. ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಅನಂತಸ್ವಾಮಿ ರಾಗ ಹಾಕಿ ಹಾಡಿದ ‘ನಿತ್ಯೋತ್ಸವ’ ಆ ವರ್ಷ ಹೊರಬಂತು. ಕನ್ನಡ ಸುಗಮ ಸಂಗೀತದ ಮೊದಲ ಕ್ಯಾಸೆಟ್ ಎಂದು ಅದನ್ನೇ ಹೇಳುತ್ತಾರೆ. ನಿಸಾರ್ ಅವರು ಭೂವಿಜ್ಞಾನದ ಮೇಷ್ಟ್ರು. ಶಿವಮೊಗ್ಗದ ಸಹ್ಯಾದ್ರಿ ಕಾಲೇಜಿನಲ್ಲಿ ಪಾಠ ಮಾಡಿದವರು. ಆ ಹಾಡಿನಲ್ಲಿ ಜೋಗ, ತುಂಗೆ, ಸಹ್ಯಾದ್ರಿ ಬರುವುದು ನೋಡಿದರೆ ನಮ್ಮ ಜಿಲ್ಲೆಯ ಮಳೆ ಅದರಲ್ಲಿ ಎಷ್ಟು ಬಿದ್ದಿದೆ ಗೊತ್ತಾಗುತ್ತದೆ.

ಕ್ಯಾಸೆಟ್ ಅನ್ನುವ ವಸ್ತು ಹಾಲೆಂಡಿನ ಫಿಲಿಪ್ಸ್ ಕಂಪನಿ 1963ರಲ್ಲಿ ಹೊರತಂದದ್ದು. ನಮ್ಮ ಹಳ್ಳಿಗಳಿಗೆ ಬಂದು ತಲುಪಲು ಇಪ್ಪತ್ತು ವರ್ಷ ಹಿಡಿಯಿತು. ಅದಕ್ಕೂ ಮೊದಲು ಹಾಡು ಮನೆಗೆ ಬರಬೇಕಾದರೆ ಎರಡೇ ದಾರಿ. ಒಂದು ರೇಡಿಯೊ, ಅವರು ಹಾಕಿದಾಗ ಕೇಳಬೇಕು. ಇನ್ನೊಂದು ಗ್ರಾಮಫೋನು, ಅದು ಉಳ್ಳವರ ಮನೆಯದು. ಕ್ಯಾಸೆಟ್ ಬಂದ ಮೇಲೆ ಅಡಿಕೆ ಸುಲಿಯುವ ರಾತ್ರಿಯ ಚಹರೆಯೇ ಬದಲಾಯಿತು. ಚಪ್ಪರದ ಕೆಳಗೆ ಸಾಲಾಗಿ ಮೆಟ್ಟುಗತ್ತಿ, ನಡುವೆ ಒಂದು ಟೇಪ್ ರೆಕಾರ್ಡರ್. ಕರೆಂಟು ಹೋದರೆ ಶೆಲ್ಲು. ಶೆಲ್ಲು ಇಳಿದರೆ ಹಾಡೂ ನಿಧಾನ, ರತ್ನನಿಗೆ ನಿಜವಾಗಿಯೂ ಹೆಂಡ ಏರಿದ ಹಾಗೆ.

ನಗರದ ಹುಡುಗ, ಕಾಡಿನ ಕುದುರೆ

ಇದೇ ಕಾಲದಲ್ಲಿ ನಮ್ಮ ಮಗ್ಗುಲಿನ ತಾಲ್ಲೂಕಿನ ಒಬ್ಬರು ದೇಶದ ಮಟ್ಟದಲ್ಲಿ ಗೆದ್ದರು. ಹೊಸನಗರ ತಾಲ್ಲೂಕಿನ ನಗರದಲ್ಲಿ 1938ರಲ್ಲಿ ಹುಟ್ಟಿದ ಜಿ. ಸುಬ್ರಹ್ಮಣ್ಯಂ, ಊರಿಗೆಲ್ಲ ಶಿವಮೊಗ್ಗ ಸುಬ್ಬಣ್ಣ. ಓದಿದ್ದು ಕಾನೂನು, ವಕೀಲಿಯೂ ಮಾಡಿದರು. ಜನ ನೆನಪಿಟ್ಟುಕೊಂಡದ್ದು ಕೊರಳನ್ನು.

ಚಂದ್ರಶೇಖರ ಕಂಬಾರರು ‘ಕಾಡು ಕುದುರೆ’ ಸಿನಿಮಾ ಮಾಡಿದಾಗ ಅದರ ಹಾಡು ಬರೆದದ್ದೂ, ರಾಗ ಹಾಕಿದ್ದೂ ಅವರೇ. ಕಂಬಾರರು ಬೆಳಗಾವಿ ಜಿಲ್ಲೆಯ ಘೋಡಗೇರಿಯವರು. ಬಯಲಾಟದ ಪದ ಕೇಳಿಕೊಂಡೇ ಬೆಳೆದವರು. ಸಭೆಯಲ್ಲಿ ತಮ್ಮ ಪದವನ್ನು ತಾವೇ ಹಾಡಿ ತೋರಿಸಿದವರು. ಮುಂದೆ ಜ್ಞಾನಪೀಠ ಬಂತು. ಅವರ ಹಾಡನ್ನು ಸುಬ್ಬಣ್ಣ ಹಾಡಿದರು. 26ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಹಿನ್ನೆಲೆ ಗಾಯಕ ಎಂಬ ಗೌರವ ಆ ಒಂದು ಹಾಡಿಗೆ ಸಿಕ್ಕಿತು. ಕನ್ನಡಕ್ಕೆ ಆ ಪ್ರಶಸ್ತಿ ತಂದವರಲ್ಲಿ ಸುಬ್ಬಣ್ಣ ಮೊದಲಿಗರು. 2022ರ ಆಗಸ್ಟಿನಲ್ಲಿ ಅವರು ತೀರಿಕೊಂಡಾಗ ಸುದ್ದಿ ಬರೆದವರಲ್ಲಿ ನಾವೂ ಇದ್ದೆವು. ಕೊಟ್ಟ ಜಾಗ ಕಡಿಮೆ, ‘ಖ್ಯಾತ ಗಾಯಕ ಇನ್ನಿಲ್ಲ’ ಅಂತ ಎರಡು ಕಾಲಂ. ನಗರದ ಹೆಸರು ಕೊನೆಯ ಸಾಲಿನಲ್ಲಿತ್ತು, ಪುಟ ಕಟ್ಟುವಾಗ ಅದೂ ಹೋಯಿತು.

ಸುಬ್ಬಣ್ಣನವರು ಹಾಡಿದ್ದನ್ನು ಈಗ ಕೇಳಿ ನೋಡಿ. ಪದದ ಅರ್ಥ ಕೇಳುವವರಿಗೆ ಮುಟ್ಟಬೇಕು ಅನ್ನುವ ಕಾಳಜಿ ಪ್ರತಿ ಅಕ್ಷರದಲ್ಲೂ ಇದೆ. ಸಿ. ಅಶ್ವತ್ಥ್ ಅವರದ್ದು ಇನ್ನೊಂದು ಬಗೆ. ಏರು ದನಿ, ಎದೆಗೆ ಗುದ್ದುವ ಹಾಡಿಕೆ. ಶಿಶುನಾಳ ಷರೀಫರ ಪದ ಅವರ ಕೊರಳಲ್ಲಿ ಕರ್ನಾಟಕದ ಮೂಲೆ ಮೂಲೆಗೆ ಹೋಯಿತು. ಬಗೆ ಬೇರೆ ಆದರೂ ಎಲ್ಲರ ಕಸುಬು ಒಂದೇ: ಕವಿ ಕಟ್ಟಿದ ಒಬ್ಬ ಮನುಷ್ಯನನ್ನು ಕೇಳುವವರ ಎದುರು ತಂದು ಕೂರಿಸುವುದು.

ಮೂರು ಪೆಟ್ಟಿಗೆಗಳ ಕತೆ

ಇನ್ನು ಕೊರಳಿನ ಹಿಂದಿನ ಸದ್ದಿಗೆ ಬರೋಣ. ಅದರ ಚರಿತ್ರೆಯನ್ನು ಮೂರು ಪೆಟ್ಟಿಗೆಗಳಲ್ಲಿ ಹೇಳಬಹುದು.

ಮೊದಲನೆಯದು ಹಾರ್ಮೋನಿಯಂ. ನಮ್ಮ ಭಜನೆ ಮನೆಯಲ್ಲಿ, ಯಕ್ಷಗಾನದಲ್ಲಿ, ನಾಟಕದಲ್ಲಿ ಎಷ್ಟು ಹಳತಾಗಿದೆ ಅಂದರೆ ಅದು ಪರದೇಶದ್ದು ಅಂತ ಯಾರೂ ನಂಬುವುದಿಲ್ಲ. ಅದು 1840ರ ದಶಕದಲ್ಲಿ ಫ್ರಾನ್ಸಿನಲ್ಲಿ ಹುಟ್ಟಿತು. ಕಾಲಲ್ಲಿ ತಿದಿ ಒತ್ತುವ ದೊಡ್ಡ ಪೆಟ್ಟಿಗೆ. ಕಲ್ಕತ್ತೆಯಲ್ಲಿ ಅದನ್ನು ನೆಲದ ಮೇಲೆ ಕೂತು ಕೈಯಲ್ಲಿ ಒತ್ತುವ ಹಾಗೆ ಸಣ್ಣದು ಮಾಡಿದರು. ನಮ್ಮ ಸಂಗೀತದ ಗಮಕ ಇದರಲ್ಲಿ ಬರುವುದಿಲ್ಲ ಎಂಬ ಕಾರಣಕ್ಕೆ 1940ರಿಂದ 1971ರವರೆಗೆ ರೇಡಿಯೊದಲ್ಲಿ ಹಾರ್ಮೋನಿಯಮ್ಮಿಗೆ ನಿಷೇಧವೇ ಇತ್ತು. ಮೂವತ್ತು ವರ್ಷ ಬಾಗಿಲ ಹೊರಗೆ ನಿಂತ ಪೆಟ್ಟಿಗೆಯನ್ನೇ ಈಗ ‘ನಮ್ಮ ಸಂಪ್ರದಾಯ’ ಅನ್ನುತ್ತೇವೆ. ಹೊಸ ಯಂತ್ರ ಬಂದಾಗ ಬೈಯುವ ಮೊದಲು ಇದನ್ನು ನೆನೆಯುವುದು ಒಳ್ಳೆಯದು.

ಎರಡನೆಯದು ಎಲೆಕ್ಟ್ರಾನಿಕ್ ಶ್ರುತಿ ಪೆಟ್ಟಿಗೆ. ಇದು ನಮ್ಮ ರಾಜ್ಯದ್ದೇ ಕತೆ. ಬೆಂಗಳೂರಿನ ಜಿ. ರಾಜ್ ನಾರಾಯಣ್ ಎಂಜಿನಿಯರ್, ಕೊಳಲೂ ನುಡಿಸುತ್ತಿದ್ದರು. ತಂಬೂರಿ ಮೀಟಲು ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಬೇಕಲ್ಲ ಅನ್ನುವ ತಾಪತ್ರಯ ಹಾಡುವವರಿಗೆಲ್ಲ ಇತ್ತು. ಅವರು ತಂತಿಯೇ ಇಲ್ಲದೆ ವಿದ್ಯುತ್ತಿನಿಂದ ತಂಬೂರಿಯ ನಾದ ಹೊರಡಿಸುವ ಪೆಟ್ಟಿಗೆ ಮಾಡಿದರು. 1970ರ ದಶಕದ ಕೊನೆಯ ಹೊತ್ತಿಗೆ ಎಲೆಕ್ಟ್ರಾನಿಕ್ ತಂಬೂರಿ ತಯಾರಾಯಿತು. ಅವರ ರಾಡೆಲ್ ಕಂಪನಿಯ ಪೆಟ್ಟಿಗೆಗಳು ದೇಶವೆಲ್ಲ ಹೋದವು. ಇವತ್ತು ನಮ್ಮ ಸುತ್ತಿನ ಯಾವ ಯಕ್ಷಗಾನದ ರಂಗಸ್ಥಳದಲ್ಲಿ ನೋಡಿದರೂ ಭಾಗವತರ ಪಕ್ಕ ಅಂಥದ್ದೊಂದು ಡಬ್ಬಿ ಇದೆ.

ಮೂರನೆಯದು ಕೀಬೋರ್ಡು. ಇಂಗ್ಲಿಷಿನಲ್ಲಿ ಸಿಂಥಸೈಜರ್, ನಮ್ಮ ಆರ್ಕೆಸ್ಟ್ರಾದವರ ಬಾಯಲ್ಲಿ ‘ಕ್ಯಾಸಿಯೊ’. ಯಾವ ಕಂಪನಿಯದ್ದಾದರೂ ಅದೇ ಹೆಸರು. ತಂತಿ, ಚರ್ಮ, ಉಸಿರು ಯಾವುದೂ ಬೇಡ. ವಿದ್ಯುತ್ತಿನ ಅಲೆಯನ್ನೇ ತಿದ್ದಿ ತೀಡಿ ನಾದ ಮಾಡುವ ಯಂತ್ರ. ಅಮೆರಿಕದ ರಾಬರ್ಟ್ ಮೂಗ್ 1964ರಲ್ಲಿ ಇದರ ದಾರಿ ತೆರೆದರು. ಭಾರತಕ್ಕೆ ಅಷ್ಟೇನೂ ತಡವಾಗಲಿಲ್ಲ. 1969ರಲ್ಲೇ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ ಒಂದು ಮೂಗ್ ಯಂತ್ರ ಬಂತು. ಕೆಲವು ಹುಮ್ಮಸ್ಸಿನವರು ಅದರಲ್ಲಿ ನಾದ ಹೊರಡಿಸಿ ಟೇಪಿನಲ್ಲಿ ತುಂಬಿಟ್ಟರು. ಆಮೇಲೆ ಯಂತ್ರ ಸುಮ್ಮನಾಯಿತು, ಟೇಪು ಬೀರುವಿನಲ್ಲಿ ಉಳಿಯಿತು.

1982ರಲ್ಲಿ ಮುಂಬಯಿಯ ಚರಣಜಿತ್ ಸಿಂಗ್, ಸಿನಿಮಾ ಹಾಡುಗಳಿಗೆ ವಾದ್ಯ ನುಡಿಸುತ್ತಿದ್ದವರು, ಜಪಾನಿನ ಮೂರು ಪೆಟ್ಟಿಗೆ ಇಟ್ಟುಕೊಂಡು ಹತ್ತು ರಾಗಗಳ ಒಂದು ರೆಕಾರ್ಡು ಮಾಡಿದರು. ಹಾಡುವವರಿಲ್ಲ, ವಾದ್ಯವೃಂದ ಇಲ್ಲ. ಒಂದು ಪೆಟ್ಟಿಗೆ ತಾಳಕ್ಕೆ, ಒಂದು ಕೆಳದನಿಗೆ, ಒಂದು ರಾಗಕ್ಕೆ. ಆಗ ಯಾರೂ ಕೊಳ್ಳಲಿಲ್ಲ. ಇಪ್ಪತ್ತು ವರ್ಷದ ಮೇಲೆ ಹಾಲೆಂಡಿನಿಂದ ಬಂದ ಒಬ್ಬ ರೆಕಾರ್ಡು ಸಂಗ್ರಾಹಕರಿಗೆ ದೆಹಲಿಯ ಅಂಗಡಿಯಲ್ಲಿ ಅದು ಸಿಕ್ಕಿತು. 2010ರಲ್ಲಿ ಮತ್ತೆ ಅಚ್ಚಾಯಿತು. ಎಪ್ಪತ್ತು ದಾಟಿದ ಚರಣಜಿತ್ ಯುರೋಪಿಗೆ ಹೋಗಿ ಹುಡುಗರ ಎದುರು ನುಡಿಸಿ ಬಂದರು. ಅಹಮದಾಬಾದಿನ ಬೀರುವಿನ ಟೇಪುಗಳೂ ಹೀಗೆಯೇ ಹೊರಬಂದು, 2023ರಲ್ಲಿ ರೆಕಾರ್ಡಾಗಿ ಪ್ರಕಟವಾದವು.

ಪೆಟ್ಟಿಗೆಯ ಮೇಲೆ ಮನುಷ್ಯ

ಕೀಬೋರ್ಡು ಬಂದರೆ ಹಾಡಿನ ಆತ್ಮ ಹೋಯಿತು ಅಂತ ನಮ್ಮಲ್ಲಿ ಒಂದು ಮಾತಿದೆ. ನಾವೂ ಹಾಗೆ ಬರೆದವರೇ. ಈ ಕ್ಯಾಸೆಟ್ಟಿನ ಹಿಂದೆ ಬಿದ್ದ ಮೇಲೆ ಅಭಿಪ್ರಾಯ ಬದಲಾಯಿತು.

ಚರಣಜಿತ್ ಸಿಂಗ್ ರೆಕಾರ್ಡು ಮಾಡಿದ ಅದೇ 1982ರಲ್ಲಿ ಅಮೆರಿಕದಲ್ಲಿ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಎಂಬ ಹಾಡುಗಾರ, ದೊಡ್ಡ ಬ್ಯಾಂಡಿನ ದೊಡ್ಡ ಹೆಸರು, ಮನೆಯ ಮಲಗುವ ಕೋಣೆಯಲ್ಲಿ ಕೂತು ಸಾಧಾರಣ ಕ್ಯಾಸೆಟ್ ಯಂತ್ರದಲ್ಲಿ ಹಾಡಿಕೊಂಡರು. ಗಿಟಾರು, ಬಾಯಿಬಾಜಾ, ಕೊರಳು, ಹೆಚ್ಚೇನಿಲ್ಲ. ಹಾಡುಗಳಲ್ಲಿ ಮಾತಾಡುವವರು ಕೊಲೆಗಾರ, ಪೊಲೀಸು, ಕೆಲಸ ಕಳೆದುಕೊಂಡ ಕಾರ್ಮಿಕ. ನಮ್ಮ ರತ್ನನ ಹಾಗೆ, ಕವಿಯಲ್ಲದ ಬೇರೆ ‘ನಾನು’ಗಳು. ಆಮೇಲೆ ಬ್ಯಾಂಡಿನವರನ್ನೆಲ್ಲ ಕೂಡಿಸಿ ಅದನ್ನೇ ಭರ್ಜರಿಯಾಗಿ ನುಡಿಸಿ ನೋಡಿದರು. ಸರಿ ಬರಲಿಲ್ಲ. ಕೊನೆಗೆ ಜೇಬಿನಲ್ಲಿ ಡಬ್ಬಿಯೂ ಇಲ್ಲದೆ ಇಟ್ಟುಕೊಂಡು ತಿರುಗುತ್ತಿದ್ದ ಆ ಕ್ಯಾಸೆಟ್ಟನ್ನೇ ‘ನೆಬ್ರಾಸ್ಕ’ ಎಂಬ ಹೆಸರಲ್ಲಿ ಹೊರತಂದರು.

ಕೆನಡಾದ ಲಿಯೊನಾರ್ಡ್ ಕೊಹೆನ್ ಮೊದಲು ಕವಿ, ಆಮೇಲೆ ಹಾಡುಗಾರ. 1988ರ ‘ಐ ಆ್ಯಮ್ ಯುವರ್ ಮ್ಯಾನ್’ ಎಂಬ ಆಲ್ಬಮ್ಮಿನಲ್ಲಿ ಅವರು ಗಿಟಾರು ಪಕ್ಕಕ್ಕಿಟ್ಟು ಕೀಬೋರ್ಡಿನ ಬರಡು ಸದ್ದನ್ನು ಹಿಡಿದರು. ಮದುವೆಮನೆಯ ಆರ್ಕೆಸ್ಟ್ರಾದಲ್ಲಿ ಕೇಳುವಂಥ ಅಗ್ಗದ ತಾಳ. ಅದರ ಮೇಲೆ ಐವತ್ತು ದಾಟಿದ ಗಡಸು ದನಿ, ಹಾಡುವುದಕ್ಕಿಂತ ಹೇಳುವುದು ಹೆಚ್ಚು. ಯಂತ್ರ ಅಷ್ಟು ತಣ್ಣಗಿದ್ದದ್ದರಿಂದಲೇ ಆ ದನಿಯ ವಯಸ್ಸು, ಕುಹಕ, ದುಃಖ ಬಿಸಿಬಿಸಿಯಾಗಿ ಕೇಳಿಸಿತು.

ಇದನ್ನೆಲ್ಲ ಓದಿ ಕೇಳಿದ ಮೇಲೆ ನಮಗೆ ಅನ್ನಿಸಿದ್ದು ಇಷ್ಟು. ತಪ್ಪು ಯಂತ್ರದ್ದಲ್ಲ, ತುಂಬುವ ಆಸೆಯದ್ದು. ಕೀಬೋರ್ಡಿನಲ್ಲಿ ಒಂದು ಗುಂಡಿಗೆ ಪಿಟೀಲು, ಇನ್ನೊಂದಕ್ಕೆ ಕೊಳಲು, ಮತ್ತೊಂದಕ್ಕೆ ಡೋಲು ಇದೆ. ಇದೆ ಅಂತ ಎಲ್ಲವನ್ನೂ ಒತ್ತುತ್ತೇವೆ. 1987ರಲ್ಲಿ ‘ಪ್ರೇಮಲೋಕ’ ಬಂದಾಗ ಹಂಸಲೇಖರ ಎಲೆಕ್ಟ್ರಾನಿಕ್ ಸದ್ದಿಗೆ ಊರೂರು ಕುಣಿಯಿತು. ಅದರಲ್ಲಿ ಮಾತೇ ಹಾಡಾಗಿ ಪಾತ್ರಗಳು ಎದುರಾಬದುರು ನಿಂತು ಹಾಡಿದವು, ಅದು ಹೊಸತನ. ಆದರೆ ಆ ಬಿಸಿಯಲ್ಲಿ ಉಳಿದವರು ಕಲಿತದ್ದು ಸದ್ದನ್ನು ಮಾತ್ರ. ಭಾವಗೀತೆಯ ಹಿಂದೆಯೂ ತುಂಬಿಸಿದರು, ಭಜನೆಯ ಹಿಂದೆಯೂ ತುಂಬಿಸಿದರು. ತಬಲ, ಕೊಳಲು ನುಡಿಸುವವರಿಗೆ ಕರೆ ಕಡಿಮೆಯಾಯಿತು. ಈಗ ಗಣಪತಿ ಪೆಂಡಾಲಿನಲ್ಲಿ ಪೆನ್‌ಡ್ರೈವಿನ ಟ್ರ್ಯಾಕು ಹಾಕಿ ಅದರ ಮೇಲೆ ಹಾಡುತ್ತಾರೆ. ಹಾಡುವ ಹುಡುಗಿಗೆ ಒಂದು ಕ್ಷಣ ನಿಲ್ಲಬೇಕು ಅನ್ನಿಸಿದರೂ ಟ್ರ್ಯಾಕು ನಿಲ್ಲುವುದಿಲ್ಲ. ರತ್ನ ಬಿಕ್ಕಲು ಜಾಗ ಎಲ್ಲಿ?

ಬಿ ಸೈಡು

ಈಗ ಅಟ್ಟದ ಕ್ಯಾಸೆಟ್ಟಿಗೆ ವಾಪಸು.

ಬೂಸ್ಟು ಹಿಡಿದ ಕ್ಯಾಸೆಟ್ಟನ್ನು ಹಾಗೇ ಯಂತ್ರಕ್ಕೆ ಹಾಕಬಾರದು, ಸುರುಳಿ ಹರಿಯುತ್ತದೆ. ವಾರಗಟ್ಟಲೆ ನೆರಳಿನ ಒಣ ಜಾಗದಲ್ಲಿಟ್ಟೆವು. ಪೆನ್ಸಿಲ್ ತೂರಿಸಿ ನಿಧಾನಕ್ಕೆ ಸುತ್ತಿ ಬಿಡಿಸಿದೆವು, ಮೆತ್ತನೆ ಬಟ್ಟೆಯಲ್ಲಿ ಒರೆಸಿದೆವು. ತೀರ್ಥಹಳ್ಳಿಯಲ್ಲಿ ರೇಡಿಯೊ ರಿಪೇರಿ ಮಾಡುವವರೊಬ್ಬರ ಹತ್ತಿರ ಓಡುವ ಟೇಪ್ ರೆಕಾರ್ಡರ್ ಇತ್ತು. ಅದರ ಹೆಡ್ಡನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಇಯರ್‌ಫೋನಿನ ತೂತಿನಿಂದ ಲ್ಯಾಪ್‌ಟಾಪಿಗೆ ವಯರು ಎಳೆದೆವು. ಮೊದಲ ಸಲ ಓಡಿಸುವಾಗಲೇ ರೆಕಾರ್ಡಿಗೆ ಹಾಕಿದೆವು. ಹಳೇ ಟೇಪು ಎರಡನೇ ಸಲ ಓಡುತ್ತದೆ ಅಂತ ಖಾತ್ರಿ ಇರುವುದಿಲ್ಲ.

ಎ ಸೈಡಿನಲ್ಲಿ ರತ್ನ ಇದ್ದ. ಅಲ್ಲಲ್ಲಿ ಮುಳುಗುತ್ತ ಏಳುತ್ತ, ಆದರೆ ಇದ್ದ.

ಬಿ ಸೈಡಿನಲ್ಲಿ ಮೊದಲು ಮಳೆಯ ಹಾಗೆ ಒಂದು ಸದ್ದು. ಆಮೇಲೆ ಗೊತ್ತಾಯಿತು, ಅದು ಮಳೆಯಲ್ಲ, ಅಡಿಕೆ ಸುಲಿದು ಬುಟ್ಟಿಗೆ ಹಾಕುವ ಸದ್ದು. ಅದರ ಹಿಂದೆ ಎಲೆಕ್ಟ್ರಾನಿಕ್ ಶ್ರುತಿ ಪೆಟ್ಟಿಗೆಯ ಗುಂಯ್‌ಗುಡುವ ನಾದ. ಮನೆಯ ಮಗ ತಾಳಮದ್ದಳೆಗೆ ಹೋಗುತ್ತಿದ್ದರಂತೆ, ಪೆಟ್ಟಿಗೆ ಅವರದ್ದು. ಅಮ್ಮನಿಗೆ ಗೊತ್ತಾಗದ ಹಾಗೆ ಕೆಂಪು ಗುಂಡಿ ಒತ್ತಿದವರೂ ಅವರೇ.

ಅಜ್ಜಿ ಹಾಡಿದ್ದು ರತ್ನನ ಪದವಲ್ಲ. ರತ್ನನಿಗೆ ನಂಜಿ ಕೊಡುವ ಉತ್ತರ. ವರ್ಷಗಟ್ಟಲೆ ಸುಲಿಯುವ ಚಪ್ಪರದಲ್ಲಿ ಆ ಕ್ಯಾಸೆಟ್ ಕೇಳಿ ಕೇಳಿ ಅವರಿಗೆ ಬೇಜಾರು ಬಂದಿತ್ತಂತೆ. “ಅವ್ನು ಕುಡ್ದು ಹಾಡ್ತಾ ಇದ್ರೆ ಮನೇಲಿ ಒಲೆ ಹಚ್ಚೋರು ಯಾರು? ಅವ್ಳ ಬಾಯಿಗೆ ಎಂತ ಬೀಗ ಹಾಕಿದಾರಾ?” ಅನ್ನುತ್ತಿದ್ದರು ಅಂತ ಸೊಸೆ ನೆನಪಿಸಿಕೊಂಡರು. ಅದೇ ಮಾತು ಆ ರಾತ್ರಿ ಸೋಬಾನೆಯ ಧಾಟಿಯಲ್ಲಿ ಪದವಾಗಿತ್ತು. ನಂಜಿ ಗಂಡನನ್ನು ಬೈಯುವುದಿಲ್ಲ. ಅವನು ಹೆಂಡದಂಗಡಿಯಲ್ಲಿ ಕಂಡ ಬೆಳದಿಂಗಳನ್ನು ತಾನು ಹಟ್ಟಿಯ ಬಾಗಿಲಲ್ಲಿ ಕಂಡೆ ಅನ್ನುತ್ತಾಳೆ. ಸಗಣಿ ಬಾಚುತ್ತ, ಗದ್ದೆ ನೆಟ್ಟಿ ಮುಗಿಸಿ ಬರುತ್ತ, ಗಂಜಿಗೆ ಉಪ್ಪು ಹಾಕುತ್ತ ತನಗೂ ಪದ ಹುಟ್ಟಿತ್ತು, ಕೇಳುವವರು ಇರಲಿಲ್ಲ ಅನ್ನುತ್ತಾಳೆ. ನಡುವೆ ಯಾರೋ ನಗುತ್ತಾರೆ. ಅಜ್ಜಿ ನಿಲ್ಲಿಸಿ, “ಸುಮ್ನಿರೆ, ಮರ್ತು ಹೋಗ್ತದೆ” ಅಂತ ಗದರಿ ಮುಂದುವರಿಸುತ್ತಾರೆ.

ಹನ್ನೊಂದು ನಿಮಿಷ ಕೇಳಿಸಿತು. ಆಮೇಲೆ ಬೂಸ್ಟು ಟೇಪಿನ ಬಣ್ಣವನ್ನೇ ತಿಂದಿತ್ತು. ಶ್ರುತಿ ಮಾತ್ರ ಸ್ವಲ್ಪ ದೂರ ಬಂತು, ಅದೂ ನಿಂತಿತು.

ಒಂದು ಕೊರಳು, ಒಂದು ಎಲೆಕ್ಟ್ರಾನಿಕ್ ನಾದ, ತಾಳಕ್ಕೆ ಅಡಿಕೆ. ತಾನಲ್ಲದ ಇನ್ನೊಬ್ಬಳ ಬಾಯಿ. ಪಟ್ಟಣದವರು ಇಂಥದ್ದಕ್ಕೆ ಏನೇನೋ ಹೆಸರಿಡುತ್ತಾರೆ. ಅಜ್ಜಿಗೆ ಆ ಹೆಸರು ಯಾವುದೂ ಬೇಕಿರಲಿಲ್ಲ. ನಂಜಿಗೆ ಒಂದು ಮಾತಾಡಲು ಜಾಗ ಬೇಕಿತ್ತು, ಅಂಗಡಿಯ ಕ್ಯಾಸೆಟ್ಟಿನ ಗುಳಿಗೆ ಕಾಗದ ತುರುಕಿ ಮಗ ಜಾಗ ಮಾಡಿಕೊಟ್ಟ.

ಕುಪ್ಪಳಿಯ ಕುವೆಂಪು ಬರೆದ ನಾಡಗೀತೆಯನ್ನು ನಮ್ಮ ಶಾಲೆಗಳಲ್ಲಿ ಹಾಡುವುದು ಅನಂತಸ್ವಾಮಿಯವರ ಧಾಟಿಯಲ್ಲಿ. ಎರಡೂವರೆ ನಿಮಿಷದಲ್ಲಿ ಹಾಡಬೇಕು ಅಂತ 2022ರ ಜನವರಿಯಲ್ಲಿ ಸರ್ಕಾರವೇ ಆದೇಶ ಮಾಡಿತು. ಹಾಗಾಗಿ ಅವರ ಕೆಲಸ ಉಳಿಯುತ್ತದೆ. ಸುಬ್ಬಣ್ಣನವರದ್ದು ಸಿನಿಮಾದಲ್ಲಿದೆ, ಆಕಾಶವಾಣಿಯಲ್ಲಿದೆ, ಉಳಿಯುತ್ತದೆ. ನಂಜಿಯ ಪದವನ್ನು ಉಳಿಸಲು ಯಾವ ಆದೇಶವೂ ಬರುವುದಿಲ್ಲ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಆಗುಂಬೆಯ ಮಗ್ಗುಲಲ್ಲಿ ಇದ್ದೇವೆ. ನಮ್ಮ ಅಟ್ಟದಲ್ಲಿ ಇನ್ನು ಎರಡು ಮಳೆಗಾಲ ಕಳೆದಿದ್ದರೆ ಆ ಹನ್ನೊಂದು ನಿಮಿಷವೂ ಇರುತ್ತಿರಲಿಲ್ಲ.

ನಿಮ್ಮ ಅಟ್ಟದಲ್ಲೂ ಡಬ್ಬ ಇದ್ದರೆ ಒಮ್ಮೆ ಇಳಿಸಿ. ಪ್ರತಿ ಕ್ಯಾಸೆಟ್ಟಿನ ಬೆನ್ನು ನೋಡಿ. ಗುಳಿಯಲ್ಲಿ ಕಾಗದ ಇದ್ದರೆ, ಸೆಲ್ಲೋಟೇಪು ಅಂಟಿಸಿದ್ದರೆ, ಅದನ್ನು ಬೇರೆ ತೆಗೆದಿಡಿ. ಅದರಲ್ಲಿ ನಿಮ್ಮ ಮನೆಯವರು ಇರಬಹುದು. ಮೊದಲು ಆ ಕಾಗದ ತೆಗೆದುಬಿಡಿ, ಕೈತಪ್ಪಿ ಅಳಿಸಿಹೋಗುವುದಿಲ್ಲ. ಒಲೆಯ ಮೇಲೆ, ಬಿಸಿಲಲ್ಲಿ ಒಣಗಿಸಬೇಡಿ. ಓಡಿಸುವ ಯಂತ್ರ ಇಲ್ಲದಿದ್ದರೆ ನಮಗೆ ತಿಳಿಸಿ, ತೀರ್ಥಹಳ್ಳಿಯಲ್ಲಿ ಒಂದು ಇದೆ.

ಮೇಗರವಳ್ಳಿಯ ಆ ಮನೆಯ ಯಜಮಾನಿಗೆ ಹಾಡನ್ನು ಫೋನಿಗೆ ಹಾಕಿಕೊಟ್ಟೆವು. ಪೂರ್ತಿ ಕೇಳಿದರು. ನಡುವೆ ನಕ್ಕದ್ದು ಯಾರು ಅಂತ ಕೇಳಿದೆವು.

“ನಾನೇ,” ಅಂದರು. “ಆಗ ಮದ್ವೆ ಆಗಿ ಬಂದು ಒಂದು ವರ್ಷ ಆಗಿತ್ತು.”